ಮಣ್ಣಿನ ಮನೆಯ ಪಾಠ

(ಗಾಂಧೀ ಜಯಂತಿಯ ದಿನ ಅಕ್ಕಲಕೋಟೆ ತಾಲೂಕಿನ ಒಂದು ಗ್ರಾಮದ ಗುಡಿಯ ಪೌಳಿಯಲ್ಲಿ ಶಾಲೆಯ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಈ ದಿನ ಮಹಾತ್ಮಾ ಗಾಂಧಿಯವರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಪಂಚರು ನನಗೆ ಅಪ್ಪಣೆ ಮಾಡಿರುವರು. ಗಾಂಧೀಜಿಯವರ ಗುಣಗಳನ್ನು ಎಣಿಸಿ ಹೇಳುವ ಭಾಷಣಗಳನ್ನು ತಾವು ವರುಷ ವರುಷವೂ ಕೇಳಿರುವಿರಿ. ಅದನ್ನೇ ಮತ್ತೆ ಹೇಳಿ ತಮ್ಮ ಹೊತ್ತನ್ನು ಕಳೆಯಲು ನನಗೆ ಮನಸ್ಸಿಲ್ಲ. ನಮ್ಮ ಶಾಲೆಯ ಏಳನೆಯ ಇಯತ್ತೆಯ ಮಕ್ಕಳನ್ನೂ ಕೆಲವರು ಪಾಲಕರನ್ನೂ ಕರೆದುಕೊಂಡು ನಾವು ಶಿಕ್ಷಕರು ವಾರ್ಧಾ ಜಿಲ್ಲೆಯ ಸೇವಾಗ್ರಾಮಕ್ಕೆ ಹೋಗಿಬಂದ ಸಂಗತಿ ತಮಗೆ ಗೊತ್ತೇ ಇದೆ. ಅಲ್ಲಿ ಗಾಂಧೀಜಿಯವರು ವಾಸಮಾಡಿದ ಮನೆಯನ್ನು ಇದ್ದಂತೆಯೇ ಕಾಪಾಡಿಕೊಂಡು ಬಂದಿದ್ದಾರೆ. ಆ ಮನೆಯಲ್ಲಿ ಏನಿದೆ, ಏನಿಲ್ಲ, ಅದನ್ನು ಹೇಗೆ ಕಾಪಾಡುತ್ತಿದ್ದಾರೆ, ಅದರಿಂದ ನಮ್ಮಂಥ ಹಳ್ಳಿಗರು ಕಲಿಯಬೇಕಾದುದೇನು, ಇಷ್ಟನ್ನು ಮಾತ್ರ ಹೇಳುವೆನು.

ದೊಡ್ಡವರ ಮನೆಗಳನ್ನು ಕಾದಿಡುವ ಪದ್ಧತಿ ನಮ್ಮ ದೇಶದಲ್ಲಿ ಈಗ ಸಾಕಷ್ಟು ಬೆಳೆದಿದೆ. ಪುಣೆಯಲ್ಲಿ ಲೋಕಮಾನ್ಯ ತಿಲಕರ ಕೇಸರಿ ವಾಡೆಯುಂಟು. ಪ್ರಯಾಗರಾಜದಲ್ಲಿ ನೆಹರೂ ಮನೆತನದ ಆನಂದ ಭವನವುಂಟು. ಅದನ್ನು 1970ರಲ್ಲಿ ಇಂದಿರಾ ಗಾಂಧಿಯವರು ದೇಶಕ್ಕೆ ಒಪ್ಪಿಸಿಕೊಟ್ಟರು. ಗಾಂಧೀಜಿಯವರ ಮಟ್ಟಿಗೆ ಹೇಳುವುದಾದರೆ ಇಂಥ ಮನೆಗಳು ಅನೇಕ. 1869ರ ಅಕ್ಟೋಬರ್ 2ರಂದು ಅವರು ಹುಟ್ಟಿದ ಮನೆ ಪೋರಬಂದರಿನಲ್ಲಿದೆ. ಸಾಬರಮತಿಯ ದಂಡೆಯಲ್ಲಿ ಹೃದಯ ಕುಂಜವಿದೆ. ಮುಂಬಯಿಯಲ್ಲಿ 1917ರಿಂದ 1934ರ ವರೆಗೆ ಅವರು ಬಂದಾಗಲೆಲ್ಲ ಇಳಿದುಕೊಳ್ಳುತ್ತಿದ್ದ ಮಣಿ ಭವನವಿದೆ. ದಿಲ್ಲಿಯಲ್ಲಿ ಅವರು ಕೊನೆಯ 144 ದಿನಗಳನ್ನು ಕಳೆದು, 1948ರ ಜನವರಿ 30ರಂದು ಗುಂಡಿಗೆ ಬಲಿಯಾದ ಬಿರ್ಲಾ ಭವನವಿದೆ.

ಈ ಪಟ್ಟಿಯನ್ನು ತಾವು ಸ್ವಲ್ಪ ಲಕ್ಷ್ಯಕೊಟ್ಟು ನೋಡಬೇಕು. ಪೋರಬಂದರಿನದು ತಂದೆಯ ಮನೆ. ಮಣಿ ಭವನವು ರೇವಾಶಂಕರ ಜಗಜೀವನ ಝವೇರಿ ಎಂಬ ಸ್ನೇಹಿತರದು. ದಿಲ್ಲಿಯದು ಬಿರ್ಲಾ ಅವರದು. ಸಾಬರಮತಿಯದು ಆಶ್ರಮದ್ದು. ಸೇವಾಗ್ರಾಮದಲ್ಲಿ ನಾವು ನೋಡಿದ ಗುಡಿಸಲು ಕೂಡ ಮೊದಲಿಗೆ ಅವರಿಗಾಗಿ ಕಟ್ಟಿದ್ದಲ್ಲ, ಮೀರಾಬೆನ್ ಅವರ ವಾಸಕ್ಕೆಂದು ಕಟ್ಟಿದ್ದು. ಇಡೀ ದೇಶವೇ ತನ್ನ ಮನೆಯ ಹಿರಿಯನೆಂದು ತಿಳಿದ ಪುರುಷನಿಗೆ ತನ್ನದೆಂದು ಹೇಳಿಕೊಳ್ಳಲು ಒಂದು ಮನೆಯಿರಲಿಲ್ಲ. ನಾವು ನೋಡಹೋದದ್ದು ಮನೆಯಿಲ್ಲದವನ ಮನೆಯನ್ನು.

ಗುಜರಾತಿನವರಾದ ಗಾಂಧೀಜಿಯವರು ವಿದರ್ಭದ ಈ ಮೂಲೆಯ ಹಳ್ಳಿಗೆ ಬಂದುದು ಹೇಗೆಂದು ಮಕ್ಕಳು ಕೇಳುವುದು ಸಹಜ. ಆ ಕಥೆಯಲ್ಲಿ ನಮ್ಮ ಸೀಮೆಯ ಹೆಸರೂ ಬರುವುದರಿಂದ ಅದನ್ನು ಮೊದಲು ಹೇಳುತ್ತೇನೆ.

1930ರ ಮಾರ್ಚ್ 12ರಂದು ಉಪ್ಪಿನ ಕಾಯಿದೆಯನ್ನು ಮುರಿಯಲು ಅವರು ಸಾಬರಮತಿಯಿಂದ ಕಾಲ್ನಡಿಗೆಯಲ್ಲಿ ದಾಂಡಿಗೆ ಹೊರಟರು. ಆರಿಸಿ ತೆಗೆದ 78 ಮಂದಿ ಅವರ ಜೊತೆಗಿದ್ದರು. ಅವರಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ನಮ್ಮ ಕನ್ನಡಿಗರು. ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಸಿಕ್ಕಿ ಹುತಾತ್ಮರಾದವರು ಅವರೇ. ಸ್ವರಾಜ್ಯ ದೊರೆಯುವ ವರೆಗೆ ಸಾಬರಮತಿಯ ಆಶ್ರಮಕ್ಕೆ ಮರಳುವುದಿಲ್ಲವೆಂದು ಗಾಂಧೀಜಿ ಪಣತೊಟ್ಟಿದ್ದರು. ಮೇ 5ರಂದು ಸರಕಾರವು ಅವರನ್ನು ಸೆರೆಹಿಡಿಯಿತು. ಆ ಸುದ್ದಿ ಬಂದೊಡನೆ ನಮ್ಮ ಸೊಲ್ಲಾಪುರ ಭುಗಿಲೆದ್ದಿತು. ಗಿರಣಿಗಳು ನಿಂತವು, ಗುಂಡು ಹಾರಿದವು, ಮಾರ್ಷಲ್ ಲಾ ಬಂದಿತು. ಮುಂದಿನ ವರುಷ, ಎಂದರೆ 1931ರ ಜನವರಿ 12ರಂದು, ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ ಹುಸೇನ ಎಂಬ ನಾಲ್ವರನ್ನು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಸಾಬರಮತಿಯ ಮನೆಯಿಂದ ಹೊರಬಿದ್ದ ಒಬ್ಬ ಮುದುಕನ ಹೆಜ್ಜೆಯು ನಮ್ಮ ಜಿಲ್ಲೆಯ ನಾಲ್ಕು ಮನೆಗಳ ದೀಪಗಳನ್ನು ಕೇಳಿತೆಂಬುದನ್ನು ನಾವು ಮರೆಯಬಾರದು.

ಗಾಂಧೀಜಿ ಪಣವನ್ನು ಮುರಿಯಲಿಲ್ಲ. 1933ರಲ್ಲಿ ಸಾಬರಮತಿಯ ಆಶ್ರಮವನ್ನೇ ವಿಸರ್ಜಿಸಿಬಿಟ್ಟರು. ಆಗ ವಾರ್ಧಾದ ವ್ಯಾಪಾರಿ ಜಮನಾಲಾಲ ಬಜಾಜರು ತಮ್ಮ ಊರಿಗೆ ಬರಬೇಕೆಂದು ಒತ್ತಾಯಪಡಿಸಿದರು. ವಾರ್ಧಾ ಪಟ್ಟಣದ ಮಗನವಾಡಿಯಲ್ಲಿ ಕೆಲವು ಕಾಲ ಗ್ರಾಮೋದ್ಯೋಗದ ಕೆಲಸ ನಡೆಯಿತು. ಆದರೆ ಪಟ್ಟಣದಲ್ಲಿ ಕುಳಿತು ಹಳ್ಳಿಯ ಉದ್ಧಾರವನ್ನು ಬೋಧಿಸುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಹಳ್ಳಿಯ ಸೇವೆ ಮಾಡಬೇಕಾದರೆ ಹಳ್ಳಿಯಲ್ಲಿಯೇ ಇರಬೇಕೆಂದು ನಿಶ್ಚಯಿಸಿದರು. 1936ರ ಏಪ್ರಿಲ್ 30ರ ನಸುಕಿನಲ್ಲಿ ವಾರ್ಧಾದಿಂದ ನಡೆಯುತ್ತಲೇ ಸೇಗಾಂವ ಎಂಬ ಸಣ್ಣ ಹಳ್ಳಿಗೆ ಬಂದರು. ಆಗ ಅವರಿಗೆ 66 ವರುಷ. ನಮ್ಮಲ್ಲಿ ಆ ವಯಸ್ಸಿನವರು ಮಗನಿಗೆ ಮನೆಯ ಕೀಲಿಕೈ ಕೊಟ್ಟು ಕಟ್ಟೆಯ ಮೇಲೆ ಕೂರುತ್ತಾರೆ. ಅವರು ಹೊಸ ಊರಿನಲ್ಲಿ ಹೊಸ ಸಂಸಾರವನ್ನು ಹೂಡಿದರು.

ಸೇಗಾಂವವು ಆಗ ಯಾತ್ರೆ ಹೋಗುವ ಊರಾಗಿರಲಿಲ್ಲ. ಸರಿಯಾದ ದಾರಿಯಿಲ್ಲ. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಎಂಥದೆಂದು ತಮಗೆ ನಾನು ವರ್ಣಿಸಬೇಕಾದುದಿಲ್ಲ. ಹಾವುಗಳ ಕಾಟವಿತ್ತು, ಮಲೇರಿಯಾ ಜ್ವರವಿತ್ತು. ಬಂದ ವರುಷವೇ ಗಾಂಧೀಜಿಯವರಿಗೂ ಮಲೇರಿಯಾ ತಗಲಿತು. ಊರಿನವರಲ್ಲಿ ಬಹುಪಾಲು ಜನ ದಲಿತರು. ಇಲ್ಲಿ ಆಶ್ರಮ ಕಟ್ಟಬೇಕೆಂಬ ಬಯಕೆಯೂ ಅವರಿಗಿರಲಿಲ್ಲ. ಒಬ್ಬರೇ ಇದ್ದು ಗ್ರಾಮಸೇವೆ ಮಾಡಬೇಕೆಂದಿದ್ದರು. ಆದರೆ ಜನ ಬಿಡಬೇಕಲ್ಲ! ಒಬ್ಬರ ಹಿಂದೆ ಒಬ್ಬರು ಬಂದು ನೆಲಸಿದರು. ಅದೇ ಆಶ್ರಮವಾಯಿತು. ಅದೇ ಸೀಮೆಯಲ್ಲಿ ಶೇಗಾಂವ ಎಂಬ ಮತ್ತೊಂದು ಊರಿರುವುದರಿಂದ ಟಪಾಲು ದಾರಿ ತಪ್ಪುತ್ತಿತ್ತು. ಆದುದರಿಂದ 1940ರಲ್ಲಿ ಈ ಊರಿಗೆ ಸೇವಾಗ್ರಾಮವೆಂಬ ಹೆಸರಾಯಿತು.

ಈಗ ಮನೆಗಳ ಮಾತು. ಸೇವಾಗ್ರಾಮವು ವಾರ್ಧಾ ಪಟ್ಟಣದಿಂದ ಸುಮಾರು 8 ಕಿಲೋಮೀಟರು. ಗೇಟಿನ ಒಳಗೆ ಕಾಲಿಟ್ಟರೆ ಮರಗಳ ನೆರಳಿನಲ್ಲಿ ಅಲ್ಲೊಂದು ಇಲ್ಲೊಂದು ಮಣ್ಣಿನ ಗೋಡೆಯ, ಹಂಚಿನ ಇಳಿಜಾರು ಮಾಡಿನ ಗುಡಿಸಲುಗಳು ಕಾಣುವವು. ಗುಮ್ಮಟವಿಲ್ಲ, ಅಮೃತಶಿಲೆಯಿಲ್ಲ. ಮನೆ ಕಟ್ಟುವಾಗ ಸುತ್ತಮುತ್ತ ಸಿಗುವ ಮಣ್ಣು, ಬಿದಿರು, ಮರ, ಹಂಚುಗಳನ್ನೇ ಬಳಸಬೇಕು, ಊರ ಕೆಲಸಗಾರರೇ ಕಟ್ಟಬೇಕು, ಖರ್ಚು ಬಡವನಿಗೆ ನಿಲುಕುವಂತಿರಬೇಕು ಎಂಬುದು ಗಾಂಧೀಜಿಯವರ ಕಟ್ಟುನಿಟ್ಟಾದ ಷರತ್ತಾಗಿತ್ತು.

ಮೊದಲು ಕಟ್ಟಿದ್ದು ಆದಿ ನಿವಾಸ. ಒಂದೇ ಹಜಾರ. ಗಾಂಧೀಜಿ, ಕಸ್ತೂರಬಾ, ಜೊತೆಯ ಕಾರ್ಯಕರ್ತರು, ಬಂದ ಅತಿಥಿಗಳು ಎಲ್ಲರೂ ಆ ಒಂದೇ ಹಜಾರದಲ್ಲಿ ಇರಬೇಕು. ಗಡಿನಾಡ ಗಾಂಧಿಯೆಂದು ಹೆಸರಾದ ಖಾನ್ ಅಬ್ದುಲ್ ಗಫಾರ್ ಖಾನರೂ ಅಲ್ಲಿ ಉಳಿದುಕೊಂಡಿದ್ದರು. ಇಲ್ಲಿ ಕುಳಿತಿರುವ ತಾಯಂದಿರು ಈ ಮಾತನ್ನು ಕೇಳಬೇಕು. ಅಷ್ಟು ಜನ ಗಂಡಸರು ಓಡಾಡುವ ಹಜಾರದಲ್ಲಿ ಕಸ್ತೂರಬಾ ಅವರಿಗೆ ಬಟ್ಟೆ ಬದಲಿಸಲು, ಹೊತ್ತು ಮಲಗಲು ಒಂದು ಮರೆಯಿರಲಿಲ್ಲ. ಲೋಕದ ದುಃಖವನ್ನೆಲ್ಲ ಕಂಡ ಕಣ್ಣುಗಳು ಮನೆಯವಳ ಈ ಸಣ್ಣ ಸಂಕಟವನ್ನು ಬೇಗ ಕಾಣಲಿಲ್ಲ. ಅದನ್ನು ಕಂಡವರು ಜಮನಾಲಾಲಜಿ. ಅವರು ಪಕ್ಕದಲ್ಲಿ ಬಾ ಅವರಿಗಾಗಿಯೇ ಒಂದು ಸಣ್ಣ ಕುಟೀರವನ್ನು ಕಟ್ಟಿಸಿಕೊಟ್ಟರು. ಅದೇ ಬಾ ಕುಟಿ. ನಮ್ಮ ಜೊತೆಗೆ ಬಂದಿದ್ದ ತಾಯಂದಿರು ಬೇರೆಲ್ಲ ಕಡೆಗಿಂತ ಅದರ ಹೊಸ್ತಿಲಲ್ಲಿ ಹೆಚ್ಚು ಹೊತ್ತು ನಿಂತರು. ಮಹಾತ್ಮರ ಮನೆಯನ್ನು ನೋಡುವವನು ಮಹಾತ್ಮರ ಹೆಂಡತಿಯ ಮನೆಯನ್ನೂ ನೋಡಿ ಬರಬೇಕು.

ಆಮೇಲೆ ಬಾಪೂ ಕುಟಿ. ಇದನ್ನು ರೂಪಿಸಿದ ಮೀರಾಬೆನ್ ಅವರು ಇಂಗ್ಲಂಡದ ನೌಕಾದಳದ ಹಿರಿಯ ಅಧಿಕಾರಿಯೊಬ್ಬರ ಮಗಳು. 1925ರಲ್ಲಿ ಸ್ವದೇಶವನ್ನು ಬಿಟ್ಟು ಬಂದು ಖಾದಿಯುಟ್ಟು, ಗಾಂಧೀಜಿಗಿಂತ ಮೊದಲೇ ಸೇಗಾಂವದಲ್ಲಿ ನೆಲಸಿದ್ದರು. ಗೋಡೆಯ ಮಣ್ಣಿನಲ್ಲಿಯೇ ಅವರು ತಮ್ಮ ಕೈಯಾರೆ ತಾಳೆಯ ಮರಗಳನ್ನೂ ಚರಕವನ್ನೂ ಓಂಕಾರವನ್ನೂ ಉಬ್ಬುಚಿತ್ರವಾಗಿ ಮೂಡಿಸಿರುವರು. ಆ ಗುಡಿಸಲೇ ಸ್ವಲ್ಪ ವಿಸ್ತಾರಗೊಂಡು ಗಾಂಧೀಜಿಯವರ ವಾಸಸ್ಥಾನವಾಯಿತು. ಒಳಗೆ ನೆಲದ ಮೇಲೆ ಒಂದು ಚಾಪೆ, ಒರಗಲು ಒಂದು ದಿಂಬು, ಬರೆಯಲು ಒಂದು ತಗ್ಗಿನ ಮೇಜು, ಚರಕ, ಕಾಗದದ ಮೇಲಿಡುವ ಕಲ್ಲು, ಮೂರು ಮಂಗಗಳ ಗೊಂಬೆ. ಇಷ್ಟೇ. ಕುರ್ಚಿಯಿಲ್ಲ, ಕಪಾಟಿಲ್ಲ, ಬೀಗ ಹಾಕಬೇಕಾದ ಪೆಟ್ಟಿಗೆಯಿಲ್ಲ.

ಇಲ್ಲಿ ನಮ್ಮ ಹುಡುಗಿಯೊಬ್ಬಳು ನನ್ನ ಅಂಗಿಯ ತೋಳನ್ನು ಹಿಡಿದೆಳೆದು ಮೆಲ್ಲಗೆ ಕೇಳಿದಳು: “ಸರ್, ಇದು ನಮ್ಮ ಆಯಿಯ ಮನೀ ಹಾಂಗೇ ಅದ. ಇದನ್ನ ನೋಡಾಕ ಇಷ್ಟು ದೂರ ಯಾಕ ಬಂದಿವಿ?”

ಮೂವತ್ತು ವರುಷ ಮಾಸ್ತರಿಕೆ ಮಾಡಿದವನಿಗೂ ಇಂಥ ಪ್ರಶ್ನೆ ದಿನವೂ ದೊರೆಯುವುದಿಲ್ಲ. ಹುಡುಗಿ ಹೇಳಿದ್ದು ನಿಜ. ಮೇಲ್ಮುದ್ದೆಯ ಮಾಳಿಗೆಯಿದ್ದ ನಮ್ಮ ಹಳೆಯ ಮನೆಗಳಿಗೂ ಈ ಹಂಚಿನ ಗುಡಿಸಲಿಗೂ ಮಾಡಿನಲ್ಲಿ ಭೇದವಿದೆ, ಗೋಡೆಯ ಮಣ್ಣಿನಲ್ಲಿ ಭೇದವಿಲ್ಲ. ನಾನು ಅವಳಿಗೆ ಹೇಳಿದ ಉತ್ತರವನ್ನು ಈಗ ತಮ್ಮ ಮುಂದೆಯೂ ಇಡುತ್ತೇನೆ. ನಿನ್ನ ಆಯಿ ಮಣ್ಣಿನ ಮನೆಯಲ್ಲಿದ್ದುದು ಬೇರೆ ಗತಿಯಿಲ್ಲದೆ. ಈ ಮನುಷ್ಯನು ವಿಲಾಯತಿಯಲ್ಲಿ ಬ್ಯಾರಿಸ್ಟರನಾಗಿದ್ದವನು. ಯಾವ ಶ್ರೀಮಂತನನ್ನು ಕೇಳಿದ್ದರೂ ಮಹಡಿಯ ಮನೆ ಸಿಗುತ್ತಿತ್ತು. ಆದರೂ ನಿನ್ನ ಆಯಿಯ ಮನೆಯಂಥದನ್ನೇ ಆರಿಸಿಕೊಂಡನು. ಆಯಿಗೆ ಏನು ಇಲ್ಲವೋ ಅದು ತನಗೂ ಬೇಡವೆಂದನು. ದೇಶದ ದೊಡ್ಡವರೆಲ್ಲ ಇಲ್ಲಿಗೆ ಬಂದು ಈ ಚಾಪೆಯ ಮೇಲೆ ಕುಳಿತುಕೊಳ್ಳಬೇಕಾಯಿತು. ಆಯಿಯ ಮನೆಯ ನೆಲದ ಮೇಲೆ ಕುಳಿತು ಮಾತಾಡಿದರೆ ಆಯಿಯ ಕಷ್ಟವನ್ನು ಮರೆತು ಮಾತಾಡುವುದು ಕಠಿಣ. ಈ ಮನೆಯನ್ನು ನೋಡಿ ಬಂದವನು ಇನ್ನು ಮುಂದೆ ನಿನ್ನ ಆಯಿಯ ಮನೆಯನ್ನು ಕೀಳಾಗಿ ನೋಡಲಾರ. ಅದಕ್ಕಾಗಿಯೇ ಇಷ್ಟು ದೂರ ಬಂದೆವು.

ಹುಡುಗಿಗೆ ಎಷ್ಟು ತಿಳಿಯಿತೋ ಹೇಳಲಾರೆ. ಅವಳು ತಿರುಗಿ ಹೋಗಿ ಗೋಡೆಯ ತಾಳೆಮರವನ್ನು ಮತ್ತೊಮ್ಮೆ ನೋಡುತ್ತ ನಿಂತಳು.

ಪಕ್ಕದ ಕಚೇರಿಯ ಗುಡಿಸಲಿನಲ್ಲಿ ಎರಡು ವಸ್ತುಗಳನ್ನು ಇಟ್ಟಿದ್ದಾರೆ. ಒಂದು, ಟೆಲಿಫೋನಿನ ಪೆಟ್ಟಿಗೆ. ಗಾಂಧೀಜಿಯವರೊಡನೆ ನೇರವಾಗಿ ಮಾತಾಡಬೇಕಾದ ಅಗತ್ಯವುಂಟಾಗಿ ವೈಸರಾಯ್ ಲಿನ್‌ಲಿಥ್‌ಗೊ ಅದನ್ನು ಹಾಕಿಸಿದನು. ಹಿಂದುಸ್ಥಾನವನ್ನಾಳುವ ದಿಲ್ಲಿಯ ಅರಮನೆಯಿಂದ ತಂತಿಯು ಈ ಮಣ್ಣಿನ ಗುಡಿಸಲಿಗೆ ಬರಬೇಕಾಯಿತೆಂದರೆ ಅಧಿಕಾರ ಎಲ್ಲಿತ್ತು ಎಂಬುದನ್ನು ತಾವೇ ಊಹಿಸಿರಿ. ಎರಡನೆಯದು, ಹಾವು ಹಿಡಿಯುವ ಕಟ್ಟಿಗೆಯ ಇಕ್ಕಳ ಮತ್ತು ಒಂದು ಪಂಜರ. ಹಾವು ಕಂಡರೆ ಕೊಲ್ಲದೆ, ಇಕ್ಕಳದಿಂದ ಹಿಡಿದು ಪಂಜರಕ್ಕೆ ಹಾಕಿ, ದೂರ ಒಯ್ದು ಬಿಟ್ಟುಬರುತ್ತಿದ್ದರು. ನಮ್ಮ ಹುಡುಗರು ಟೆಲಿಫೋನಿಗಿಂತ ಈ ಇಕ್ಕಳದ ಸುತ್ತಲೇ ಹೆಚ್ಚು ಗುಂಪು ಕಟ್ಟಿದರು. ಅಹಿಂಸೆಯೆಂಬುದು ಪುಸ್ತಕದ ಶಬ್ದವೆಂದು ತಿಳಿದಿದ್ದವರಿಗೆ ಅದಕ್ಕೂ ಒಂದು ಹತ್ಯಾರು ಬೇಕಾಗುತ್ತದೆ, ಅದನ್ನು ಬಡಿಗನು ಮಾಡಿಕೊಡಬೇಕಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಂಡಿತು.

ಅಲ್ಲಿಯೇ ಪರಚುರೆ ಕುಟಿಯೆಂಬ ಇನ್ನೊಂದು ಗುಡಿಸಲಿದೆ. ಪರಚುರೆ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ಯೆರವಡಾ ಜೈಲಿನಲ್ಲಿದ್ದವರು. ಅವರಿಗೆ ಕುಷ್ಠರೋಗ ತಗಲಿತು. ಎಲ್ಲಿಯೂ ನೆಲೆ ಕಾಣದೆ 1939ರಲ್ಲಿ ಸೇಗಾಂವಕ್ಕೆ ಬಂದರು. ಆ ರೋಗಕ್ಕೆ ಆಗ ಇಂದಿನಂಥ ಔಷಧವಿರಲಿಲ್ಲ, ಜನರ ಭಯ ಅಪಾರವಾಗಿತ್ತು. ಗಾಂಧೀಜಿ ಅವರನ್ನು ಆಶ್ರಮದಲ್ಲಿಯೇ ಇರಿಸಿಕೊಂಡು, ತಮ್ಮ ಗುಡಿಸಲಿನ ಸಮೀಪದಲ್ಲಿ ಗುಡಿಸಲು ಕಟ್ಟಿಸಿ, ತಮ್ಮ ಕೈಯಿಂದ ಮೈ ತಿಕ್ಕಿ ಉಪಚಾರ ಮಾಡಿದರು. ಹತ್ತಿರದ ಎರಡು ಗುಡಿಸಲುಗಳಲ್ಲಿ ಒಂದಕ್ಕೆ ವೈಸರಾಯನ ಟೆಲಿಫೋನು, ಇನ್ನೊಂದರಲ್ಲಿ ಯಾರೂ ಮುಟ್ಟದ ರೋಗಿ. ಎರಡಕ್ಕೂ ಅವರು ಹೊತ್ತು ಮಾಡಿಕೊಂಡರು.

ಇಂಥ ಸ್ಥಳದಿಂದ ದೇಶದ ಎಷ್ಟು ದೊಡ್ಡ ನಿರ್ಣಯಗಳು ಹೊರಟವು! 1942ರ ಜುಲೈ 14ರಂದು ಕಾಂಗ್ರೆಸ್ಸಿನ ಕಾರ್ಯಕಾರಿ ಸಮಿತಿಯು ವಾರ್ಧಾದಲ್ಲಿ ಸೇರಿ, ಬ್ರಿಟಿಷರು ಭಾರತವನ್ನು ಬಿಟ್ಟು ತೊಲಗಬೇಕೆಂಬ ಠರಾವನ್ನು ಸ್ವೀಕರಿಸಿತು. ಆಗಸ್ಟ್ 8ರಂದು ಮುಂಬಯಿಯಲ್ಲಿ ಅದಕ್ಕೆ ದೇಶದ ಮುದ್ರೆ ಬಿದ್ದಿತು. ಆದರೆ ಶಿಕ್ಷಕನಾದ ನನಗೆ ಇನ್ನೊಂದು ನಿರ್ಣಯವು ಅದಕ್ಕಿಂತ ಹತ್ತಿರದ್ದು. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಪರಿಷತ್ತು ನೆರೆಯಿತು. ಏಳು ವರುಷಗಳ ಶಿಕ್ಷಣವು ಎಲ್ಲ ಮಕ್ಕಳಿಗೂ ಉಚಿತವಾಗಿ, ಕಡ್ಡಾಯವಾಗಿ ದೊರೆಯಬೇಕು. ಕೈಕೆಲಸವೊಂದರ ಸುತ್ತ ಪಾಠಗಳೆಲ್ಲ ಹೆಣೆದಿರಬೇಕು. ಮತ್ತು ಶಿಕ್ಷಣದ ಮಾಧ್ಯಮವು ಮಾತೃಭಾಷೆಯಾಗಿರಬೇಕು ಎಂದು ಅಲ್ಲಿ ಗೊತ್ತುಮಾಡಿದರು. ಡಾ. ಝಾಕಿರ್ ಹುಸೇನರ ಸಮಿತಿಯು ಅದಕ್ಕೆ ಪಠ್ಯಕ್ರಮವನ್ನು ಸಿದ್ಧಪಡಿಸಿತು. ಆರ್ಯನಾಯಕಂ ಮತ್ತು ಆಶಾದೇವಿ ದಂಪತಿಗಳು ಸೇವಾಗ್ರಾಮದಲ್ಲಿ ಅದನ್ನು ಆಚರಣೆಗೆ ತಂದರು. ಇದೇ ನಯೀ ತಾಲೀಮು.

ಆ ನಿರ್ಣಯದಲ್ಲಿರುವ ಶಬ್ದವನ್ನು ಗಮನಿಸಿರಿ. ಸರಕಾರದ ಭಾಷೆ ಎಂದಿಲ್ಲ, ಪ್ರಾಂತದ ಭಾಷೆ ಎಂದಿಲ್ಲ, ಮಾತೃಭಾಷೆ ಎಂದಿದೆ. ತಾಯಿ ಯಾವ ಪ್ರಾಂತದಲ್ಲಿದ್ದರೂ ಮಗು ಅವಳ ಬಾಯಿಂದ ಕೇಳಿದ ಮಾತೇ ಅದರ ಮೊದಲ ಪಾಠ. ಸ್ವತಂತ್ರ ಭಾರತದ ಸಂವಿಧಾನದಲ್ಲಿಯೂ 1956ರಲ್ಲಿ 350ಎ ಎಂಬ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಯುವ ಸಾಕಷ್ಟು ಅನುಕೂಲತೆಗಳನ್ನು ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳಿರುವರು. ಇದರಲ್ಲಿ ಬೇರೆ ಭಾಷೆಯ ದ್ವೇಷವೇನೂ ಇಲ್ಲ. ಆಶ್ರಮವನ್ನು ತೋರಿಸಿದ ಹಿರಿಯರು ಮರಾಠಿಯಲ್ಲಿ ವಿವರಿಸಿದರು. ನಮ್ಮ ಮಕ್ಕಳು ಮರಾಠಿಯಲ್ಲಿಯೇ ಅವರಿಗೆ ಪ್ರಶ್ನೆ ಕೇಳಿದರು, ತಮ್ಮತಮ್ಮಲ್ಲಿ ಕನ್ನಡದಲ್ಲಿ ಚರ್ಚಿಸಿದರು. “ಮುಲಾಂನಾ ದೋನ್ ಭಾಷಾ ಯೇತಾತ್” ಎಂದು ಅವರು ಸಂತೋಷಪಟ್ಟರು. ಬೇರು ಗಟ್ಟಿಯಾಗಿದ್ದ ಗಿಡಕ್ಕೆ ಎರಡನೆಯ ಕೊಂಬೆ ಭಾರವಾಗುವುದಿಲ್ಲ.

ಗಾಂಧೀಜಿಯವರ ಕೊನೆಯ ವಾಸವು ಅಲ್ಲಿಯೇ ಆಖರೀ ನಿವಾಸವೆಂಬ ಮನೆಯಲ್ಲಾಯಿತು. 1946ರ ಆಗಸ್ಟಿನಲ್ಲಿ ಅವರು ಅಲ್ಲಿಂದ ದಿಲ್ಲಿಗೆ ಹೊರಟರು. ಮುಂದೆ ನೌಖಾಲಿ, ಬಿಹಾರ, ಕಲಕತ್ತಾ, ಮತ್ತೆ ದಿಲ್ಲಿ. ಎಲ್ಲಿ ಬೆಂಕಿ ಹತ್ತಿತೋ ಅಲ್ಲಿಗೆ ಹೋದರು. ಸೇವಾಗ್ರಾಮಕ್ಕೆ ಮರಳಿ ಬರಲಾಗಲಿಲ್ಲ. ಆ ವೇಳೆಗೆ ಆಶ್ರಮದ ಜೀವಗಳೂ ಒಂದೊಂದಾಗಿ ಕಳಚಿದ್ದವು. ಜಮನಾಲಾಲಜಿ 1942ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಕಾರ್ಯದರ್ಶಿ ಮಹಾದೇವ ದೇಸಾಯಿಯವರು 1942ರ ಆಗಸ್ಟ್ 15ರಂದು, ಕಸ್ತೂರಬಾ 1944ರ ಫೆಬ್ರವರಿ 22ರಂದು, ಇಬ್ಬರೂ ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿಯೇ ಪ್ರಾಣಬಿಟ್ಟಿದ್ದರು. ಆಳುವವರು ಅರಮನೆಯನ್ನು ಸೆರೆಮನೆ ಮಾಡಿದರು. ಇವರು ಗುಡಿಸಲನ್ನು ರಾಜಧಾನಿ ಮಾಡಿದ್ದರು.

1948ರ ಮಾರ್ಚಿನಲ್ಲಿ ವಿನೋಬಾ, ಜವಾಹರಲಾಲ ನೆಹರೂ, ರಾಜೇಂದ್ರ ಪ್ರಸಾದರು ಮೊದಲಾದವರೆಲ್ಲ ಸೇವಾಗ್ರಾಮದಲ್ಲಿ ಸೇರಿದರು. ಹಿರಿಯನಿಲ್ಲದ ಮನೆಯಲ್ಲಿ ಕುಳಿತು, ಇನ್ನು ಮುಂದೆ ಹೇಗೆಂದು ಆಲೋಚಿಸಿದರು. ಹಿರಿಯನು ಹೋದ ಮೇಲೆ ಮನೆಯನ್ನು ಏನು ಮಾಡಬೇಕೆಂಬುದು ಪ್ರತಿಯೊಂದು ಮನೆತನದಲ್ಲಿಯೂ ಏಳುವ ಪ್ರಶ್ನೆಯೇ ಅಲ್ಲವೆ?

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ.

ಕಲ್ಲಿನ ಕೋಟೆಯನ್ನು ನೂರು ವರುಷ ಯಾರೂ ನೋಡದೆ ಬಿಟ್ಟರೂ ಅದರ ಗೋಡೆ ನಿಂತಿರುತ್ತದೆ. ಮಣ್ಣಿನ ಮನೆಯ ರೀತಿ ಬೇರೆ. ತಾವೆಲ್ಲ ಅದರಲ್ಲಿ ಬಾಳಿದವರು, ತಮಗೆ ನಾನು ಹೇಳಬೇಕೆ? ಒಂದು ಮಳೆಗಾಲ ಕೈಬಿಟ್ಟರೆ ಗೋಡೆ ಉಬ್ಬುವುದು. ಎರಡನೆಯ ಮಳೆಗಾಲಕ್ಕೆ ಬಾಯಿಬಿಡುವುದು. ಮೂರನೆಯದಕ್ಕೆ ಮಣ್ಣು ಮಣ್ಣಿಗೆ ಸೇರುವುದು. ಇಲ್ಲಿ ನಾವು ಮಿರುಗದ ಮಳೆಗೆ ಮುಂಚೆ ಮಾಳಿಗೆಗೆ ಹಾಳುಮಣ್ಣು ಹಾಕಿ ತುಳಿಯುತ್ತಿದ್ದಂತೆಯೇ, ಹಂಚಿನ ಮನೆಯವರು ಹಂಚು ತಿರುವಬೇಕು, ಹುಳ ತಿಂದ ಬಿದಿರನ್ನು ತೆಗೆದು ಹೊಸದನ್ನು ಸೇರಿಸಬೇಕು, ಗೋಡೆಗೆ ಮಣ್ಣು ಮೆತ್ತಬೇಕು, ನೆಲ ಸಾರಿಸಬೇಕು. 1936ರಲ್ಲಿ ಗೋಡೆಗೆ ಮೆತ್ತಿದ ಸಾರಣೆಯ ಮೇಲೆ ಇಂದಿನ ವರೆಗೆ ಎಷ್ಟು ಕೈಗಳು ಮತ್ತೆ ಮತ್ತೆ ಆಡಿರಬೇಕು! ಬಾಪೂ ಕುಟಿಯು ಉಳಿದಿರುವುದು ಬೀಗದಿಂದಲ್ಲ. ಅದು ನಿಂತಿರುವುದು ಸಾರಿಸುವ ಕೈಗಳ ಮೇಲೆ.

ಬೀಗದಿಂದ ಕಾಯ್ದ ವಸ್ತುವಿನ ಗತಿಯನ್ನೂ ಹೇಳಬೇಕು. ಗಾಂಧೀಜಿಯವರ ಕನ್ನಡಕವೊಂದು ಅಲ್ಲಿತ್ತು. ಅದು ಕಳುವಾಗಿರುವ ಸಂಗತಿ 2011ರಲ್ಲಿ ಬೆಳಕಿಗೆ ಬಂದು ದೇಶಕ್ಕೆಲ್ಲ ಸುದ್ದಿಯಾಯಿತು. ಕೇಳಿ ನೋವಾಗುತ್ತದೆ ನಿಜ. ಆದರೆ ಯೋಚಿಸಿರಿ. ಕನ್ನಡಕವನ್ನು ಕದಿಯಬಹುದು. ನಸುಕಿನ ಪ್ರಾರ್ಥನೆಯನ್ನು ಕದಿಯುವವನಾರು? 1936ರಲ್ಲಿ ಅವರೇ ನೆಟ್ಟ ಅರಳಿಯ ಮರವು ಪ್ರಾರ್ಥನೆಯ ಬಯಲಿನ ಹತ್ತಿರ ದೊಡ್ಡದಾಗಿ ಬೆಳೆದು ನೆರಳು ಕೊಡುತ್ತಿದೆ. ಬೆಳಗೂ ಸಂಜೆಯೂ ಬಯಲಿನಲ್ಲಿ ಕುಳಿತು ಎಲ್ಲ ಧರ್ಮಗಳ ಪ್ರಾರ್ಥನೆಯನ್ನು ಈಗಲೂ ಮಾಡುತ್ತಾರೆ. ನಯೀ ತಾಲೀಮಿನ ಶಾಲೆಯು ನಡುವೆ ನಿಂತುಹೋಗಿತ್ತು. 2005ರಲ್ಲಿ ಆನಂದ ನಿಕೇತನವೆಂಬ ಹೆಸರಿನಲ್ಲಿ ಅದು ಮತ್ತೆ ತೆರೆಯಿತು. ಕಸ್ತೂರಬಾ ಅವರ ಹೆಸರಿನ ಆಸ್ಪತ್ರೆಯ ಜೊತೆಯಲ್ಲಿ 1969ರಲ್ಲಿ ಹಳ್ಳಿಯ ರೋಗಿಗಳ ಸೇವೆಗೆಂದು ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಇವೆಲ್ಲವೂ ಗುಡಿಸಲಿನ ಸಾರಣೆಯೇ. ನಿಂತದ್ದನ್ನು ಮತ್ತೆ ಹೂಡುವುದೇ ಕಾಪಾಡುವುದು.

ಹಾಗಾದರೆ ನಮ್ಮ ಕರ್ತವ್ಯವೇನು? ನಮ್ಮಲ್ಲಿ ಬಾಪೂ ಕುಟಿಯಿಲ್ಲ. ಆದರೆ 1930ರಲ್ಲಿ ಸೊಲ್ಲಾಪುರದ ಸುದ್ದಿ ಕೇಳಿ ಎದೆ ಬಡಿದುಕೊಂಡ ಮನೆಗಳು, 1942ರಲ್ಲಿ ಊರು ಬಿಟ್ಟು ಓಡಾಡಿದ ತರುಣರಿಗೆ ಕದ್ದು ರೊಟ್ಟಿ ಕೊಟ್ಟ ಮನೆಗಳು ಈ ಸೀಮೆಯ ಹಳ್ಳಿಗಳಲ್ಲಿ ಇಲ್ಲವೆ? ಅಂಥವರನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟು. ಅವರ ಬಾಯಿಂದ ಕೇಳಿದ ಮಕ್ಕಳು, ಮೊಮ್ಮಕ್ಕಳು ಇನ್ನೂ ಇದ್ದಾರೆ. ಬಿದ್ದ ಮನೆಯನ್ನು ಎತ್ತಿ ನಿಲ್ಲಿಸುವುದು ಎಲ್ಲ ಕಡೆಯೂ ಸಾಧ್ಯವಾಗದು. ಹೆಸರನ್ನು ಬರೆದಿಡಲು ಒಂದು ವಹಿ ಮತ್ತು ಒಂದು ಲೇಖನಿ ಸಾಕು. ಈ ವರುಷ ನಮ್ಮ ಶಾಲೆಯ ಮಕ್ಕಳು ಮನೆಮನೆಗೆ ಬಂದು ಹಿರಿಯರನ್ನು ಕೇಳುವರು. ತಾವು ಹೇಳಿರಿ. ನಮ್ಮ ಮನೆಯ ಮುದುಕನದೇನು ದೊಡ್ಡ ಸಂಗತಿಯೆಂದು ಅನ್ನಬೇಡಿರಿ. ಮಕ್ಕಳು ತಮ್ಮ ತಾಯಿನುಡಿಯಲ್ಲಿ ಅದನ್ನು ಬರೆಯುವರು. ಒಂದು ಪ್ರತಿ ಶಾಲೆಯಲ್ಲಿ, ಒಂದು ಪ್ರತಿ ಈ ಗುಡಿಯಲ್ಲಿ ಇರಲಿ.

ಎರಡನೆಯದಾಗಿ ಶಾಲೆಯ ಮಾತು. ನಮ್ಮ ಕನ್ನಡ ಶಾಲೆಯೂ ಒಂದು ಮಣ್ಣಿನ ಮನೆಯೇ. ಗೋಡೆ ಇಟ್ಟಂಗಿಯದಾಗಿರಬಹುದು, ಮಾಡು ತಗಡಿನದಾಗಿರಬಹುದು. ಅದರ ಸ್ವಭಾವ ಮಾತ್ರ ಮಣ್ಣಿನದು. ಹಿಂದಿನವರು ಕಟ್ಟಿದರು, ಆದುದರಿಂದ ತಾನಾಗಿ ಉಳಿಯುತ್ತದೆಂದು ಕೈಕಟ್ಟಿ ಕೂರುವಂತಿಲ್ಲ. ಜೂನ್ ಬಂದಾಗ ಆರು ತುಂಬಿದ ಮಗುವನ್ನು ತಂದು ಪಟದಲ್ಲಿ ಹೆಸರು ಹಚ್ಚಿದರೆ ಅದು ಒಂದು ಬೊಗಸೆ ಮಣ್ಣು. ಪಾಲಕರ ಸಭೆಗೆ ಬಂದು ಕುಳಿತರೆ ಒಂದು ಬೊಗಸೆ. ಸುಗ್ಗಿಯ ಕಾಲಕ್ಕೆ ಹುಡುಗಿಯನ್ನು ಹೊಲಕ್ಕೆ ಕಳಿಸದೆ ಶಾಲೆಗೆ ಕಳಿಸಿದರೆ ಇನ್ನೊಂದು ಬೊಗಸೆ. ಸರಕಾರವು ಕೊಡಬೇಕಾದುದನ್ನು ಕೇಳಿ ಪಡೆಯೋಣ, ಅದು ನಮ್ಮ ಹಕ್ಕು. ಆದರೆ ಸಾರಿಸುವ ಕೈಯನ್ನು ಯಾವ ಸರಕಾರವೂ ಮಂಜೂರು ಮಾಡಲಾರದು. ಅದು ಮನೆಯವರದೇ ಆಗಿರಬೇಕು.

ಅನುಕೂಲವಿದ್ದವರು ಒಮ್ಮೆ ಸೇವಾಗ್ರಾಮಕ್ಕೆ ಹೋಗಿಬನ್ನಿರಿ. ಬೇಸಗೆಯಲ್ಲಿ ಆ ಸೀಮೆಯ ಬಿಸಿಲು ನಮ್ಮದಕ್ಕಿಂತಲೂ ಉಗ್ರ. ಆದ್ದರಿಂದ ದೀಪಾವಳಿಯ ನಂತರ ಸಂಕ್ರಾಂತಿಯ ವರೆಗಿನ ದಿನಗಳು ಒಳ್ಳೆಯವು. ಹೋದವರು ಅವಸರಪಡಬೇಡಿರಿ. ಬಾ ಕುಟಿಯ ಹೊಸ್ತಿಲಲ್ಲಿ ನಿಲ್ಲಿರಿ, ಪರಚುರೆ ಶಾಸ್ತ್ರಿಗಳ ಗುಡಿಸಲನ್ನು ಬಿಟ್ಟು ಬರಬೇಡಿರಿ, ಸಂಜೆಯ ಪ್ರಾರ್ಥನೆಗೆ ನೆಲದ ಮೇಲೆ ಕುಳಿತುಕೊಳ್ಳಿರಿ. ಗೋಡೆಯನ್ನು ಮಾತ್ರ ಮುಟ್ಟದೆ ಕಣ್ಣಿನಿಂದ ನೋಡಿರಿ. ಎಲ್ಲಿಯೋ ಒಂದು ಕಡೆ ಹೊಸ ಸಾರಣೆಯ ಗುರುತು ಕಂಡೀತು. ಬಾಪೂ ಕುಳಿತ ಸ್ಥಳಕ್ಕೆ ಕೈಮುಗಿಯುವಾಗ ಆ ಗುರುತಿಗೂ ಕೈಮುಗಿಯಿರಿ.

ಬರುವ ಭಾನುವಾರ ಮುಂಜಾನೆ ಶಾಲೆಯ ಹಿಂದಿನ ಗೋಡೆಯ ದುರಸ್ತಿಗೆ ಪ್ರಾರಂಭ ಮಾಡುವುದಾಗಿ ಪಂಚರು ನಿಶ್ಚಯಿಸಿರುವರು. ಗುದ್ದಲಿ, ಬುಟ್ಟಿ ಇದ್ದವರು ತನ್ನಿರಿ, ಇಲ್ಲದವರು ಕೈಗಳನ್ನು ತನ್ನಿರಿ.